ಸಾತವ್ವನ ಒಂದು ಕಣ್ಣಿನ ಕಾವಲು

ನಾನು ಒಂದು ಕಪ್ಪು ಕನ್ನಡಕ. ಚೆಂದದ ಕನ್ನಡಕವೇನಲ್ಲ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಿನಿಮಾದ ಹೀರೋ ಅಂಗಿಯ ಗುಂಡಿಗೆ ಸಿಕ್ಕಿಸಿಕೊಳ್ಳುತ್ತಾನಲ್ಲ, ಆ ಜಾತಿಯವನಲ್ಲ ನಾನು. ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮುದುಕ ಮುದುಕಿಯರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಾರೆ ನೋಡಿ, ಅವರ ಅರ್ಧ ಮುಖ ಮುಚ್ಚಿರುವ, ಎರಡೂ ಪಕ್ಕಕ್ಕೆ ಗೋಡೆ ಎದ್ದಿರುವ, ಹಸಿರುಗಪ್ಪು ಬಣ್ಣದ ದೊಡ್ಡ ಕನ್ನಡಕ, ಅದೇ ನಾನು. ನನ್ನನ್ನು ಕಂಡರೆ ಮಕ್ಕಳು ನಗುತ್ತಾರೆ. ನಗಲಿ ಬಿಡಿ, ಅಂದಗಾರರ ಕೈಲಾಗದ ಕೆಲಸ ನನ್ನಿಂದಾಗುತ್ತದೆ.

ನಾನು ಹುಟ್ಟಿದ್ದು ಒಂದು ತಗಡಿನ ಶೆಡ್ಡಿನಲ್ಲಿ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಸುರಿದರು, ತಣ್ಣಗಾದ ಮೇಲೆ ಅಂಚು ಉಜ್ಜಿದರು. ನನ್ನ ಕಣ್ಣುಗಳನ್ನು ಎಲ್ಲರೂ ಗಾಜು ಅನ್ನುತ್ತಾರೆ, ಗಾಜಲ್ಲ, ಅದೂ ಪ್ಲಾಸ್ಟಿಕ್ಕೇ. ಆದರೆ ಅದರೊಳಗೆ ಒಂದು ಮದ್ದು ಬೆರೆಸಿದ್ದರು. ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕೂ ಇದೆ, ಕಾಣದೆ ಕಣ್ಣನ್ನು ಸುಡುವ ಕಿರಣವೂ ಇದೆ. ಮದ್ದು ತಡೆಯುವುದು ಆ ಎರಡನೆಯದನ್ನು. ತಪಾಸಣೆಯ ಹೆಂಗಸು ನನ್ನನ್ನು ಒಂದು ದೀಪದ ಕೆಳಗೆ ಹಿಡಿದು ನೋಡಿ, "ಇದು ಪಾಸು" ಎಂದು ಪೆಟ್ಟಿಗೆಗೆ ಹಾಕಿದಳು. ಪಕ್ಕದ ಮೇಜಿನಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಮಾರುವ ಕೂಲಿಂಗ್ ಗ್ಲಾಸುಗಳು ತಯಾರಾಗುತ್ತಿದ್ದವು. ಕಿವಿಗೆ ಸಿಕ್ಕಿಸುವ ಕೆಂಪು ದಂಡೆ, ಚಿನ್ನದ ಗೆರೆ, ಏನು ಬಿಂಕ ಅವುಗಳದ್ದು! ಕಪ್ಪು ಬೇಕಾದಷ್ಟಿತ್ತು, ಮದ್ದು ಮಾತ್ರ ಇರಲಿಲ್ಲ. ಅವುಗಳನ್ನು ಯಾರೂ ದೀಪದ ಕೆಳಗೆ ಹಿಡಿಯಲೂ ಇಲ್ಲ.

ಅಲ್ಲಿಂದ ನಾನು ಬಂದದ್ದು ಬಾಗಲಕೋಟೆಯ ಒಂದು ಕಣ್ಣಿನ ಶಿಬಿರಕ್ಕೆ. ನರ್ಸೊಬ್ಬಳು ಪೆಟ್ಟಿಗೆಯಿಂದ ನನ್ನನ್ನು ತೆಗೆದು ಎದುರಿಗಿದ್ದ ಮುದುಕಿಯ ಮೂಗಿನ ಮೇಲೆ ಕೂರಿಸಿದಳು. ಹೆಸರು ಸಾತವ್ವ. ಗುಳೇದಗುಡ್ಡದವಳು, ನಲವತ್ತು ವರ್ಷ ನೆಲದ ಕುಣಿಗೆ ಕಾಲಿಳಿಬಿಟ್ಟು ಕೂರುವ ಕುಣಿಮಗ್ಗದಲ್ಲಿ ಕುಪ್ಪಸದ ಖಣ ನೇಯ್ದವಳು. ಮದುವೆಗೆ ಮುಂಚೆಯೇ ಮಗ್ಗದ ಲಾಳಿ ಹಾರಿ ಬಡಿದು ಎಡಗಣ್ಣು ಹೋಗಿತ್ತು. ಉಳಿದದ್ದು ಬಲಗಣ್ಣೊಂದೇ. ಅದಕ್ಕೂ ಐದಾರು ವರ್ಷಗಳಿಂದ ಪೊರೆ ಬಂದು, ಈಗ ಅದನ್ನು ತೆಗೆದಿದ್ದರು.

ಆಪರೇಷನ್ ಮಾಡಿದ ಡಾಕ್ಟರಬಾಯಿ ಬಗ್ಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ಆಯಿ, ನಲವತ್ತು ದಿನ ಇದನ್ನ ತೆಗೀಬ್ಯಾಡ್ರಿ. ಬಿಸಲು, ಧೂಳು, ಒಲಿ ಹೊಗಿ, ಮೂರೂ ನಿಮಗ ವೈರಿ. ಕಣ್ಣು ಉಜ್ಜಬ್ಯಾಡ್ರಿ. ಇರೋದು ಒಂದ ಕಣ್ಣು, ನೆನಪಿರ್ಲಿ."

"ಒಂದ ಅದ ಅಂತ ನನಗ ಗೊತ್ತಿಲ್ಲೇನ್ರಿ?" ಎಂದಳು ಸಾತವ್ವ.

ನನಗೆ ಈ ಮುದುಕಿ ಅಲ್ಲಿಯೇ ಹಿಡಿಸಿಬಿಟ್ಟಳು. ನನ್ನ ಕೆಲಸವೂ ಅಲ್ಲಿಯೇ ಗೊತ್ತಾಯಿತು. ನಲವತ್ತು ದಿನ, ಒಂದು ಕಣ್ಣು.

ಮನೆಗೆ ಬಂದ ಕೂಡಲೇ ಆಕೆ ಮಾಡಿದ ಮೊದಲ ಕೆಲಸವೇನು ಗೊತ್ತೆ? ಸೊಸೆ ಪಾರವ್ವನ ಕುಪ್ಪಸದ ತೋಳು ಹಿಡಿದು ಎಳೆದು ನೋಡಿದಳು. "ಇದು ಮಗ್ಗದ ಖಣ ಅಂತ ಹೇಳಿ ತಂದಿದ್ದೆಲ್ಲ! ಇದು ಮಿಷನ್ದಾಗ ನೇದದ್ದು. ಎಳಿ ನೋಡು, ಎಷ್ಟು ಸಡ್ಲ ಅದಾವು!" ಪಾರವ್ವನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. "ಅತ್ತಿಗೆ ಕಣ್ಣು ಬಂತಪಾ ದೇವರ, ಇನ್ನ ನನ್ನ ಗತಿ ಹೆಂಗ!" ಎಂದು ಗಂಡನ ಕಡೆ ನೋಡಿ ನಕ್ಕಳು. ಗಂಡ ಮುದಕಪ್ಪ ಮೂರು ಗಾಲಿಯ ಬಾಡಿಗೆ ಗಾಡಿ ಓಡಿಸುವವನು. ಆ ಕಡೆಯವರು ಅದನ್ನು ಟಂಟಂ ಅನ್ನುತ್ತಾರೆ. ಮಾತು ಕಡಿಮೆ, ಒಳ್ಳೆಯ ಮನುಷ್ಯ.

ಆ ಮನೆಯ ಒಳಕೋಣೆಯಲ್ಲಿ, ಕಿಟಕಿಗೆ ಗೋಣಿಚೀಲ ಕಟ್ಟಿದ ಕತ್ತಲಲ್ಲಿ, ಎಂಟು ವರ್ಷದ ಒಂದು ಹುಡುಗಿ ಇದ್ದಳು. ಸಾತವ್ವನ ಮೊಮ್ಮಗಳು. ಹಾಲಿನ ಕೆನೆಯಂಥ ಮೈ, ಕೂದಲು ಬಿಳಿ, ರೆಪ್ಪೆಯೂ ಬಿಳಿ. ಹುಟ್ಟಿದಾಗ ನೋಡಲು ಬಂದವರು ಒಂದೊಂದು ಮಾತಾಡಿದರಂತೆ. ಸಾತವ್ವ ಎಲ್ಲರ ಬಾಯಿ ಮುಚ್ಚಿಸಿ, ದೃಷ್ಟಿ ತಾಗದಿರಲಿ ಎಂದು ಕೂಸಿಗೆ ಕಪ್ಪು ಕಸ್ತೂರಿಯ ಹೆಸರನ್ನೇ ಇಟ್ಟಿದ್ದಳು. ಕಸ್ತೂರಿಗೆ ಬಿಸಿಲೆಂದರೆ ಆಗದು. ಹೊಸ್ತಿಲು ದಾಟಿದರೆ ಸಾಕು, ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದವು, ನೀರು ಸುರಿಯುತ್ತಿತ್ತು. ಹೊತ್ತು ಮುಳುಗಿದ ಮೇಲೆಯೇ ಅವಳ ಆಟ. ಶಾಲೆಗೆ ಹಾಕಿದರು, ಬಯಲಿನಲ್ಲಿ ಪ್ರಾರ್ಥನೆಗೆ ನಿಲ್ಲಿಸಿದರು, ಒಂದು ವಾರಕ್ಕೆ ಬಿಟ್ಟಳು. ಮುದಕಪ್ಪ ಬಸ್ ಸ್ಟ್ಯಾಂಡಿನಿಂದ ಕೆಂಪು ದಂಡೆಯ ಕೂಲಿಂಗ್ ಗ್ಲಾಸ್ ತಂದುಕೊಟ್ಟಿದ್ದನಂತೆ, ಇದ್ದುದರಲ್ಲಿ ಎಲ್ಲಕ್ಕಿಂತ ಕಪ್ಪಾಗಿರುವುದನ್ನೇ ಆರಿಸಿ. ಪಕ್ಕದಿಂದಲೂ ಮೇಲಿನಿಂದಲೂ ಬಿಸಿಲು ನುಗ್ಗಿ ಅವಳಿಗೆ ತಲೆನೋವು ಬಂತು. ನನ್ನ ಪಕ್ಕದ ಮೇಜಿನ ಬಿಂಕದವರ ಯೋಗ್ಯತೆ ಅಷ್ಟೇ ತಾನೆ! ಹುಟ್ಟಿನಿಂದ ಬಂದದ್ದಕ್ಕೆ ಡಾಕ್ಟರು ಏನು ಮಾಡಿಯಾರು ಎಂದು ಮನೆಯವರು ಸುಮ್ಮನಾದರು. ಅದೇ ಅವರ ದೊಡ್ಡ ತಪ್ಪು.

ಅಜ್ಜಿಗೂ ಮೊಮ್ಮಗಳಿಗೂ ಒಂದು ಗುಟ್ಟಿನ ಆಟವಿತ್ತು. ಪ್ರತಿವರ್ಷ ಯುಗಾದಿಯ ಮರುದಿನ, ಕರಿಯ ದಿನ, ಬುತ್ತಿ ಕಟ್ಟಿಕೊಂಡು ಎಲ್ಲರೂ ಟಂಟಂ ಹತ್ತಿ ಬಾದಾಮಿಗೆ ಹೋಗುವುದು ಆ ಮನೆಯ ಪದ್ಧತಿ. ಅಲ್ಲಿ ಅಗಸ್ತ್ಯ ತೀರ್ಥದ ಕೆರೆಯ ದಂಡೆಗೆ ಗಾಡಿ ನಿಲ್ಲಿಸಿ, ದೊಡ್ಡವರು ಇಳಿದು ಅಡ್ಡಾಡುತ್ತಿದ್ದರು. ಕಸ್ತೂರಿ ಮಾತ್ರ ಗಾಡಿಯೊಳಗೇ, ಸುತ್ತ ಚಾದರ ಕಟ್ಟಿಸಿಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದಳು. ಜೊತೆಗೆ ಸಾತವ್ವ. "ಆಯಿ, ಏನ್ ಕಾಣಸ್ತೈತಿ ಹೇಳ" ಎಂದು ಹುಡುಗಿ ಕೇಳುವಳು. ಅಜ್ಜಿ ಹೇಳುವಳು: ಕೆಂಪು ಗುಡ್ಡ ಐತಿ, ಹಸರು ನೀರು ಐತಿ, ನೀರಿಗಿಳಿಯೋ ಪಾವಟಿಗಿ ಮ್ಯಾಲ ಹೆಣ್ಮಕ್ಕಳು ಸೀರಿ ಒಗ್ಯಾಕ ಹತ್ತ್ಯಾರ, ಆಚೀ ದಂಡಿಗಿ ಗುಡಿ ಐತಿ, ಗುಡಿ ಮುಂದ ಒಂದು ನವಿಲು ಗರಿ ಬಿಚ್ಚಿ ನಿಂತೈತಿ.

ಹೇಳುತ್ತಿದ್ದವಳಿಗೆ ಪೊರೆ ಬಂದ ಒಂದು ಕಣ್ಣು! ಗಾಡಿಯ ಚಾದರದ ಬಣ್ಣವೂ ಆಕೆಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹರೆಯದಲ್ಲಿ ಕಂಡದ್ದನ್ನು ನೆನಪು ಮಾಡಿಕೊಂಡು ಹೇಳುತ್ತಿದ್ದಳು, ನೆನಪು ಮುಗಿದಲ್ಲಿ ಕೈಯಿಂದ ಸೇರಿಸುತ್ತಿದ್ದಳು.

ನಾನು ಆ ಮನೆಗೆ ಬಂದ ಹದಿನೇಳನೆಯ ದಿನ ಯುಗಾದಿ. ಉಪಕಾರ ಮಾಡಿದ ವಸ್ತುಗಳಿಗೆಲ್ಲ ಹಬ್ಬದ ದಿನ ಪೂಜೆ ಮಾಡುವುದು ಸಾತವ್ವನ ರೂಢಿ. ಹಳೆಯ ಲಾಳಿ, ಮಗನ ಗಾಡಿಯ ಕೀಲಿಕೈ, ಅವುಗಳ ಸಾಲಿನಲ್ಲಿ ನಾನು. ಬಿಸಿಲೇರುವ ಮುಂಚೆಯೇ ನನ್ನನ್ನು ತೆಗೆದು ವಿಭೂತಿ ಬಳಿದು, ಹಿತ್ತಾಳೆ ತಂಬಿಗೆ ಬೆಳಗಿದಂತೆ ಸೆರಗಿನಿಂದ ತಿಕ್ಕಿದಳು. ಅಯ್ಯೋ, ನನ್ನ ಮೈತುಂಬ ಗೀರು! ಅಷ್ಟಕ್ಕೇ ಬಿಡದೆ, "ತಗೋಪಾ, ನೀನೂ ಬಾಯಿ ಸಿಹಿ ಮಾಡ್ಕೊ" ಎಂದು ಬೇವುಬೆಲ್ಲವನ್ನು ನನ್ನ ಎರಡೂ ದಂಡೆಗಳ ಮಡಚುವ ಸಂದಿಗೆ ಮೆತ್ತಿದಳು. ನನಗೆ ಬಾಯೆಲ್ಲಿದೆ? ಆದರೂ ಹೇಳುತ್ತೇನೆ, ಹುಟ್ಟಿದಂದಿನಿಂದ ನನ್ನನ್ನು ಒಂದು ಜೀವ ಎಂದು ಎಣಿಸಿದವಳು ಅವಳೊಬ್ಬಳೇ. ಆ ಬೆಲ್ಲ ಒರೆಸದೆ ಹಾಗೆಯೇ ಉಳಿಯಿತು, ಅದರಿಂದಲೇ ಮುಂದಿನದೆಲ್ಲ ಆಯಿತು.

ಮರುದಿನ ಕರಿ. ಹೋಳಿಗೆ, ಸಜ್ಜೆ ರೊಟ್ಟಿ, ಕೆಂಪು ಚಟ್ನಿ ಕಟ್ಟಿಕೊಂಡು ಬಾದಾಮಿಗೆ ಹೋದೆವು. ಗಾಡಿ ನಿಂತಿತು. ಮುದಕಪ್ಪ, ಪಾರವ್ವ ಗುಹೆಗಳ ಕಡೆ ಹತ್ತಿಹೋದರು. ಚಾದರದೊಳಗೆ ಅಜ್ಜಿ, ಮೊಮ್ಮಗಳು, ನಾನು.

"ಆಯಿ, ಏನ್ ಕಾಣಸ್ತೈತಿ ಹೇಳ."

ಸಾತವ್ವ ಚಾದರದ ಸಂದಿಯಿಂದ ಹೊರಗೆ ನೋಡಿದಳು. ಎಷ್ಟೋ ವರ್ಷಗಳ ಮೇಲೆ ನಿಜವಾಗಿ ನೋಡಿದಳು. ಗುಡ್ಡ ಕೆಂಪಗೇ ಇತ್ತು, ನೀರು ಹಸಿರಾಗೇ ಇತ್ತು. ಆಕೆಯ ಉಸಿರು ಬಡಿದು ನನ್ನ ಒಳಮೈ ಮಬ್ಬಾಯಿತು. ಆಮೇಲೆ, "ಈ ಸಲ ನಾ ಹೇಳೂದಿಲ್ಲ. ನೀನ ನೋಡು" ಎಂದು ನನ್ನನ್ನು ತೆಗೆದಳು.

ಏ ಮುದುಕಿ, ಬೇಡ! ಇನ್ನೂ ಹದಿನೆಂಟನೆಯ ದಿನ! ಕೂಗಲು ನನಗೆ ಬಾಯಿದ್ದರೆ ಕೂಗುತ್ತಿದ್ದೆ. ಆಕೆ ನನ್ನನ್ನು ಹುಡುಗಿಯ ಮುಖಕ್ಕೆ ಏರಿಸಿ, ದೊಡ್ಡದಾಯಿತೆಂದು ಹಿಂದೆ ದಾರ ಕಟ್ಟಿದಳು. "ಐದ ನಿಮಿಷ. ನಿಮ್ಮಪ್ಪ ಬರೂದ್ರಾಗ ಕೊಡಬೇಕು ಮತ್ತ."

ಕಸ್ತೂರಿ ರೆಪ್ಪೆ ಬಿಚ್ಚಿದಳು. ಅವಳ ಕಣ್ಣುಗುಡ್ಡೆಗಳು ಒಂದೆಡೆ ನಿಲ್ಲದೆ ಸದಾ ಅತ್ತಿತ್ತ ಆಡುತ್ತಿದ್ದವು. ನನ್ನ ಪಕ್ಕದ ಗೋಡೆಗಳು ಬಿಸಿಲನ್ನು ತಡೆದವು, ಎದುರಿನದನ್ನು ನಾನು ಸೋಸಿ ಒಳಗೆ ಬಿಟ್ಟೆ. ಅವಳು ಗಾಡಿಯಿಂದ ಒಂದು ಕಾಲು ಇಳಿಸಿದಳು, ಇನ್ನೊಂದು ಕಾಲನ್ನೂ ಇಳಿಸಿದಳು. ನಡು ಮಧ್ಯಾಹ್ನ, ತೆರೆದ ಕಣ್ಣು! ಒಗೆಯುವವರ ಹತ್ತಿರ ಹೋಗಿ, ಒಣಹಾಕಿದ ಒಂದೊಂದು ಸೀರೆಗೂ ಮುಖ ಹಚ್ಚುವಷ್ಟು ಬಗ್ಗಿ ನೋಡಿದಳು. "ಇದು ಅರಿಷಿಣ ಬಣ್ಣ, ಇದು ಗುಲಾಬಿ! ಆಯಿ, ಇದಕ್ಕೇನಂತಾರ?" ಸಾತವ್ವ ಸೆರಗನ್ನು ಹಣೆಗೆ ಇಳಿಬಿಟ್ಟುಕೊಂಡು ಹಿಂದೆ ಹಿಂದೆ ಬರುತ್ತ ಹೇಳುತ್ತಿದ್ದಳು. ಐದು ನಿಮಿಷ ಯಾವಾಗಲೋ ಮುಗಿದಿತ್ತು. ನಾನೂ ಮರೆತೆ, ಸುಳ್ಳೇಕೆ ಹೇಳಲಿ?

ಕಸ್ತೂರಿ ನೀರಿನ ಅಂಚಿಗೆ ಬಂದು ಆಚೆ ದಂಡೆಯನ್ನೇ ದಿಟ್ಟಿಸಿದಳು. "ಗುಡಿ ಐತಿ. ನವಿಲು ಎಲ್ಲೈತಿ?"

ಸಾತವ್ವ ತಡವರಿಸಿದಳು. "ಈಗಿತ್ತಲ್ಲವಾ... ಹಾರಿ ಹೋಗಿರಬೇಕು."

ಆ ಮಾತು ಮುಗಿದಿತ್ತೋ ಇಲ್ಲವೋ, ಮೆಟ್ಟಿಲ ಮೇಲಿನ ಗೋಡೆಯಿಂದ ಒಂದು ಮಂಗ ಹಾರಿತು. ಬಾದಾಮಿಯ ಮಂಗಗಳ ಮೂಗಿಗೆ ಬೆಲ್ಲದ ವಾಸನೆ ತಪ್ಪುವುದುಂಟೆ! ದಾರವನ್ನು ಹರಿದು, ನನ್ನನ್ನು ಕಿತ್ತುಕೊಂಡು, ನಾಲ್ಕು ನೆಗೆತಕ್ಕೆ ಮೇಲಿನ ಬಂಡೆಯ ಮೇಲೆ ಕೂತು ನನ್ನ ದಂಡೆಯ ಸಂದಿಯನ್ನು ನೆಕ್ಕತೊಡಗಿತು.

ಕೆಳಗೆ ಕಸ್ತೂರಿ ಕಿರುಚಿದಳು. ಒಮ್ಮೆಲೇ ಬಿದ್ದ ಬೆಳಕಿಗೆ ಕಣ್ಣು ಮುಚ್ಚಿ, ಎರಡೂ ಕೈ ಮುಖಕ್ಕೆ ಒತ್ತಿಕೊಂಡು, ದಿಕ್ಕು ತಪ್ಪಿ ತಿರುಗಿದಳು. ಒಂದು ಕಾಲು ಪಾಚಿಗಟ್ಟಿದ ಮೆಟ್ಟಿಲಿಗೆ ಜಾರಿ ನೀರಿಗಿಳಿಯಿತು.

"ಕುಂದರು! ಇದ್ದಲ್ಲೇ ಕುಂದರವಾ! ಅಲುಗಾಡಬ್ಯಾಡ!" ಎಂದು ಸಾತವ್ವ ಕೂಗಿದಳು.

ಹುಡುಗಿ ಧಪ್ಪನೆ ಕೂತಳು. ಸಾತವ್ವ ಒಗೆಯುವ ಹೆಂಗಸೊಬ್ಬಳಿಗೆ "ಯವ್ವಾ, ಕೂಸಿನ ಕೈ ಹಿಡಿ" ಎಂದು ಹೇಳಿ, ಗಾಡಿಯಲ್ಲಿದ್ದ ಬುತ್ತಿಯಿಂದ ಹೋಳಿಗೆ ತೆಗೆದುಕೊಂಡು ಬಂಡೆಯ ಮೆಟ್ಟಿಲು ಹತ್ತಿದಳು. ಬೇಸಿಗೆಯ ಬಿರುಗಾಳಿ ಎದ್ದಿತು. ಕೆಂಪು ಧೂಳು ಅವಳ ಮುಖಕ್ಕೆ ಎರಚಿತು. ಆಪರೇಷನ್ ಆದ ಹದಿನೆಂಟು ದಿನದ ಕಣ್ಣು, ಮೇಲೆ ಏನೂ ಇಲ್ಲ. ಆಕೆ ಸೆರಗಿನ ತುದಿಯಿಂದ ಕಣ್ಣು ಉಜ್ಜಿದಳು, ಮತ್ತೆ ಹತ್ತಿದಳು, ಮತ್ತೆ ಉಜ್ಜಿದಳು. "ಬಾರಪಾ ಹನುಮಪ್ಪ, ಅದನ್ನ ಕೊಡು, ಇದನ್ನ ತಗೋ. ನಿನಗ ಅದು ಯಾತಕ್ಕ? ನಿನ್ನ ಕಣ್ಣು ಚೊಲೋ ಅದಾವು." ಮಂಗ ಹೋಳಿಗೆ ನೋಡಿತು, ನನ್ನನ್ನು ಎಸೆಯಿತು.

ಸಾತವ್ವ ನನ್ನನ್ನು ಎತ್ತಿಕೊಂಡಳು. ಅವಳ ಕಣ್ಣು ಕೆಂಪಾಗಿ ನೀರು ಇಳಿಯುತ್ತಿತ್ತು. ಇನ್ನಾದರೂ ನನ್ನನ್ನು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ನನ್ನನ್ನು ತನ್ನ ಮುಖದ ಮುಂದಿನಿಂದ ದಾಟಿಸಿ, ಮಡಿಲಲ್ಲಿಟ್ಟುಕೊಂಡು, ಗೋಡೆ ತಡವುತ್ತ ಇಳಿದು ಹೋಗಿ, ಮೊಮ್ಮಗಳಿಗೆ ಹಾಕಿದಳು. "ಈಗ ತೆಗೀ ಕಣ್ಣು. ಅಳಬ್ಯಾಡ. ಅಪ್ಪ ಬರೂತನಕ ನೋಡು, ಪೂರಾ ನೋಡಿಬಿಡು." ಕಾಯಬೇಕಾಗಿದ್ದ ಕಣ್ಣು ಆಚೆ ನಿಂತು ಸುರಿಯುತ್ತಿತ್ತು, ನಾನು ಈಚೆ ಇನ್ನೊಬ್ಬರ ಕಣ್ಣು ಕಾಯುತ್ತಿದ್ದೆ. ನನಗಾದ ಸಂಕಟ ಆ ಬಂಡೆಗೂ ಬೇಡ.

ಮನೆಯಲ್ಲಿ ಸಾತವ್ವ ಯಾರಿಗೂ ಹೇಳಲಿಲ್ಲ. ಹುಡುಗಿಗೂ ಆಣೆ ಹಾಕಿದಳು. ಮೂರನೆಯ ದಿನ ನೋವು ತಡೆಯಲಾರದೆ ಗೋಡೆಗೆ ತಲೆ ಒತ್ತಿ ಕೂತಾಗ ಮುದಕಪ್ಪ ಬಾಗಲಕೋಟೆಯ ಆಸ್ಪತ್ರೆಗೆ ಗಾಡಿ ತೆಗೆದ. ಬರುವೆನೆಂದು ಹಟ ಹಿಡಿದ ಕಸ್ತೂರಿಯೂ ತಲೆಗೆ ಟವೆಲ್ ಮುಚ್ಚಿಕೊಂಡು ಬಂದಳು.

ಡಾಕ್ಟರಬಾಯಿ ಕಣ್ಣಿಗೆ ಬೆಳಕು ಹಿಡಿದು ನೋಡಿ ಸಿಡುಕಿದರು. "ಆಯಿ, ಕನ್ನಡಕ ತೆಗೆದಿದ್ರಿ?"

"ಇಲ್ಲರೀ."

"ಖರೇ ಹೇಳ್ರಿ. ಕಣ್ಣು ಹೋಗೂ ಹಂಗ ಆಗೇತಿ."

"ನಮ್ಮವ್ವ ಸುಳ್ಳು ಹೇಳಾಕಿ ಅಲ್ಲರೀ" ಎಂದ ಮುದಕಪ್ಪ. ಆಗ ಬಾಗಿಲ ಮರೆಯಿಂದ ಸಣ್ಣ ದನಿ ಬಂತು. "ನನಗ ಕೊಟ್ಟಿದ್ಳ್ರೀ. ನಾ ಸೀರಿ ನೋಡಬೇಕಂದಿದ್ದೆ."

ಡಾಕ್ಟರಬಾಯಿ ತಿರುಗಿದರು. ಎದ್ದು ಹೋಗಿ ಟವೆಲ್ ಸರಿಸಿ, ಹುಡುಗಿಯ ಬಿಳಿ ರೆಪ್ಪೆಗಳನ್ನೂ ಮುಚ್ಚಿದ ಕಣ್ಣುಗಳನ್ನೂ ನೋಡಿದರು. ಅವರ ಸಿಟ್ಟು ಇಳಿದುಹೋದದ್ದು ನಾನೇ ಕಂಡೆ. ಕೋಣೆಯ ದೀಪ ಆರಿಸಿ, ಬಹಳ ಹೊತ್ತು ಪರೀಕ್ಷೆ ಮಾಡಿದರು. ಆಮೇಲೆ ಮುದಕಪ್ಪನಿಗೆ ಹೇಳಿದರು: ಇದು ಯಾರ ಶಾಪವೂ ಅಲ್ಲ, ಮೈಯಲ್ಲಿ ಬಣ್ಣ ಇಲ್ಲ ಅಷ್ಟೆ, ಆ ಬಣ್ಣವೇ ಕಣ್ಣಿಗೂ ಚಾವಣಿ. ಬರಿ ಕಪ್ಪಿದ್ದರೆ ಸಾಲದು, ಸುಡುವ ಕಿರಣ ತಡೆಯುವ ಕನ್ನಡಕ ಬೇಕು, ಅದಕ್ಕೆ ಇವಳ ನಂಬರೂ ಹಾಕಬೇಕು, ತಲೆಗೆ ಅಗಲದ ಟೋಪಿ ಬೇಕು. "ಎಂಟು ವರ್ಷ ಯಾಕ ಕರ್ಕೊಂಡು ಬರಲಿಲ್ಲರೀ?"

ಕಸ್ತೂರಿಗೆ ಅವಳದೇ ಕನ್ನಡಕ ಬಂತು. ಅವಳು ಶಾಲೆಗೆ ಹೋದಳು, ಮುಂದಿನ ಬೆಂಚಿನಲ್ಲಿ ಕೂತಳು. ಸಾತವ್ವನ ಕಣ್ಣು ಪೂರ್ತಿ ಹೋಗಲಿಲ್ಲ, ಪೂರ್ತಿ ಉಳಿಯಲೂ ಇಲ್ಲ. ಮಂದಿ ಕಾಣುತ್ತಿದ್ದರು, ಮುಖ ಕಾಣುತ್ತಿರಲಿಲ್ಲ. ಖಣದ ಎಳೆಗಳನ್ನಂತೂ ಆಕೆ ಮತ್ತೆ ಎಣಿಸಲಿಲ್ಲ. ಒಮ್ಮೆ ಪಾರವ್ವ ಅತ್ತಾಗ, "ನಾ ನೋಡೂದೆಲ್ಲ ನೋಡೇನಿ ಬಿಡ. ಆ ಕೂಸಿನ ಪಾಳಿ ಬಂತು, ಕೊಟ್ಟೆ" ಎಂದಳು. ಅಳು ಬಂದದ್ದು ನನಗೆ. ಹದಿನೆಂಟೇ ದಿನಕ್ಕೆ ಕೆಲಸ ಕೆಡಿಸಿಕೊಂಡ ಕಾವಲುಗಾರ ನಾನು.

ಅಂದಿನಿಂದ ಆ ಮನೆಯವರು ಬಿಸಿಲಿಗೆ ಹೊರಟರೆಂದರೆ ನಾಲ್ವರಿಗೂ ಕನ್ನಡಕ, ತಲೆಗೆ ಟೋಪಿ ಇಲ್ಲವೇ ಸೆರಗು. ಮುದಕಪ್ಪ ಗಾಡಿ ಓಡಿಸುವಾಗಲೂ ಬಿಡುತ್ತಿರಲಿಲ್ಲ. ಊರಿನಲ್ಲಿ ಕಪ್ಪು ಕನ್ನಡಕವೆಂದರೆ ಆಪರೇಷನ್ ಎಂದೇ ಅರ್ಥ. ಚಹಾದಂಗಡಿಯ ಕಟ್ಟೆಯಿಂದ ಯಾರೋ ಕೂಗಿದರು, "ಏನೋ ಮುದಕಪ್ಪ, ಮನಿಮಂದಿಗೆಲ್ಲ ಒಮ್ಮೆಲೆ ಪೊರಿ ತಗಸೀಯೇನು?"

"ಹೌದ್ರಿ ಮಾವ" ಎಂದ ಮುದಕಪ್ಪ. "ಎಂಟು ವರ್ಷದ ಪೊರಿ ಇತ್ತು, ತಗಸಿದ್ವಿ."

ಈಗ ನಾನು ಮುದುಕ. ಗೋಡೆಯ ಗೂಡಿನಲ್ಲಿ ಹಳೆಯ ಲಾಳಿಯ ಪಕ್ಕ ಮಲಗಿದ್ದೇನೆ. ಮುರಿದ ಒಂದು ದಂಡೆಯನ್ನು ರೇಷ್ಮೆ ದಾರದಿಂದ ಬಿಗಿದು ಕಟ್ಟಿದ್ದಾರೆ. ವಿಭೂತಿಯ ಗೀರುಗಳಲ್ಲಿ ಲೋಕವೆಲ್ಲ ಬಲೆಯೊಳಗಿದ್ದಂತೆ ಕಾಣುತ್ತದೆ. ಸಾತವ್ವ ಹೋಗಿ ಮೂರು ಮಳೆಗಾಲವಾಯಿತು. ಹೊಸ ಕನ್ನಡಕ ಕೊಡಿಸುತ್ತೇನೆಂದು ಮಗ ಎಷ್ಟು ಹೇಳಿದರೂ ಆಕೆ ಕೊನೆತನಕ ನನ್ನನ್ನು ಬಿಟ್ಟಿರಲಿಲ್ಲ. ಕೈಲಾಗದವನನ್ನೂ ಜೊತೆಗಿಟ್ಟುಕೊಳ್ಳುವ ದೊಡ್ಡ ಮನಸ್ಸು ಅದು. ನಾನು ಎಷ್ಟು ಬಿಸಿಲು ತಡೆದೆ ಎಂಬ ಲೆಕ್ಕ ಈಗ ನನ್ನಲ್ಲಿಲ್ಲ. ಆಕೆಯ ಕೊನೆಯ ಕರಿಯ ದಿನವೊಂದನ್ನು ಮಾತ್ರ ಮತ್ತೆ ಮತ್ತೆ ನೆನೆಯುತ್ತೇನೆ.

ಅದೇ ಬಾದಾಮಿ, ಅದೇ ಮೆಟ್ಟಿಲು. ಕಸ್ತೂರಿಗೆ ಆಗ ಹದಿನಾರು. ಅಗಲದ ಟೋಪಿ, ತನ್ನ ನಂಬರಿನ ಕಪ್ಪು ಕನ್ನಡಕ. ಅಜ್ಜಿಯನ್ನು ಕೈಹಿಡಿದು ನೆರಳಿನ ಮೆಟ್ಟಿಲಿನಲ್ಲಿ ಕೂರಿಸಿದಳು. ನಾನು ಅಜ್ಜಿಯ ಮೂಗಿನ ಮೇಲಿದ್ದೆ.

"ಏನ್ ಕಾಣಸ್ತೈತಿ ಹೇಳವಾ" ಎಂದಳು ಸಾತವ್ವ.

"ಕೆಂಪು ಗುಡ್ಡ ಐತಿ ಆಯಿ. ಹಸರು ನೀರು ಐತಿ. ಪಾವಟಿಗಿ ಮ್ಯಾಲ ಸೀರಿ ಒಗ್ಯಾಕ ಹತ್ತ್ಯಾರ, ಒಂದು ಅರಿಷಿಣ, ಎರಡು ಗುಲಾಬಿ. ಆಚೀ ದಂಡಿಗಿ ಗುಡಿ ಐತಿ." ಅವಳು ಅಜ್ಜಿಯ ಮುಖದ ಕಡೆ ತಿರುಗಿದಳು. "ಗುಡಿ ಮುಂದ ನವಿಲು ಬಂದೈತಿ."

ನಾನು ನೋಡಿದೆ. ಗುಡಿಯ ಮುಂದೆ ಬಿಸಿಲೊಂದೇ ಇತ್ತು.

ಸಾತವ್ವನ ಕೆನ್ನೆ ಮೇಲೆದ್ದು ನನ್ನನ್ನು ತುಸು ಎತ್ತಿತು. ಹಾಗಾಯಿತೆಂದರೆ ನಗುತ್ತಿದ್ದಾಳೆ ಎಂದು ನನಗೆ ಗೊತ್ತು.

"ಗರಿ ಬಿಚ್ಚೈತೇನು?"

"ಬಿಚ್ಚೈತಿ ಆಯಿ. ಪೂರಾ ಬಿಚ್ಚೈತಿ."

"ಹಂಗಾರ ತಿರುಗಿ ಬಂತನ್ನು" ಎಂದು ಸಾತವ್ವ ಮೊಮ್ಮಗಳ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಅವತ್ತ ಹಾರಿ ಹೋಗಿತ್ತು, ನೋಡು."